ಯಜಮಾನರ ಧೋತರ

ಜೀವನದಲ್ಲಿ ಒಮ್ಮೆ ನಾನು ಏಕಕಾಲಕ್ಕೆ ಎರಡು ಮನೆಗಳ ಯಜಮಾನನಾಗಿದ್ದೆ. ಸುಮಾರು ಐದು ನಿಮಿಷ.

೧೯೯೬ರ ಏಪ್ರಿಲ್ ತಿಂಗಳು. ಕಲಬುರಗಿಯ ನೋಂದಣಿ ಕಚೇರಿಯ ಎದುರಿಗೆ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕಾಗದಪತ್ರ ಬರೆದುಕೊಡುವ ಸೂಗಪ್ಪನ ಮುಂದೆ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ನಮ್ಮ ಶಾಲೆಯ ಹೊಲಿಗೆ ಟೀಚರ್ ಬಂಡೆಮ್ಮ ಕೂತರು. ಗಾಜಿಪುರದಲ್ಲಿ ಎರಡು ಖೋಲಿಯ ಮನೆಯೊಂದನ್ನು ಅವರು ಕೊಳ್ಳುವವರಿದ್ದರು. ಸಾಕ್ಷಿಗೆ ಇಬ್ಬರು ಬೇಕೆಂದು ನನ್ನನ್ನೂ ನನ್ನ ಹೆಂಡತಿ ಪಾರ್ವತೀಬಾಯಿಯನ್ನೂ ಕರೆತಂದಿದ್ದರು. ಕುರ್ಚಿ ಕಂಡಲ್ಲಿ ಕೂತುಬಿಡುವುದು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನ ಚಟ. ಹೆಂಡತಿಯನ್ನು ನಿಲ್ಲಿಸಿ ಎರಡನೆಯ ಕುರ್ಚಿಯಲ್ಲಿ ನಾನು ಕೂತೆ. ಸೂಗಪ್ಪ ನನ್ನ ಹೆಸರು ಕೇಳಿದ. ಸಾಕ್ಷಿಯೆಂದು ಬರೆದುಕೊಳ್ಳಲು ಇರಬೇಕೆಂದು, ಗುರುರಾಜ ಎಂದು ಗತ್ತಿನಿಂದಲೇ ಹೇಳಿದೆ.

ಬರೆದದ್ದನ್ನು ಆತ ಇಡೀ ಆವರಣಕ್ಕೆ ಕೇಳುವಂತೆ ಓದಿದ: “ಬರಕೊಟ್ಟ ಖರೀದಿ ಪತ್ರ. ಖರೀದಿದಾರರು ಶ್ರೀಮತಿ ಬಂಡೆಮ್ಮ ಗಂಡ ಗುರುರಾಜ, ವಯಸ್ಸು ನಲವತ್ತೆರಡು…”

ಸುತ್ತ ಕೂತಿದ್ದ ಹತ್ತಿಪ್ಪತ್ತು ಮಂದಿ ಯಾರೂ ತಲೆ ಎತ್ತಲಿಲ್ಲ. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಲೆ ಎತ್ತಿದವಳು ನನ್ನ ಹೆಂಡತಿ ಒಬ್ಬಳೇ.

“ಇದು ಯಾವಾಗ ಆತ್ರೀ?” ಎಂದಳು. “ನನಗೂ ಒಂದು ಮಾತು ಹೇಳಬಾರದಿತ್ತ? ಊಟಕ್ಕರ ಬರ್ತಿದ್ದೆ.”

ಸೂಗಪ್ಪ ಚಷ್ಮಾ ತೆಗೆದು ಮೂವರನ್ನೂ ನೋಡಿದ. “ತಪ್ಪಾತ್ರೀ ಬಾಯಾರ. ಹೆಣ್ಮಗಳು ಮನಿ ತೊಗೊಳ್ಳಾಕತ್ತಾಳ, ಬಾಜೂಕ ಗಂಡಸು ಕುಂತಾನ. ನಾ ಏನ್ ತಿಳ್ಕೋಬೇಕು? ಈಗ ಖರೇ ಗಂಡನ ಹೆಸರು ಹೇಳ್ರಿ.”

“ಇಲ್ಲ,” ಎಂದರು ಬಂಡೆಮ್ಮ.

“ತೀರಿಕೊಂಡಾರ?”

“ಇಲ್ಲ.”

“ಬಿಟ್ಟಾರ?”

“ಬಿಡಾಕ ಮೊದಲ ಹಿಡಿದಿರಬೇಕಲ್ರೀ. ತಂದಿ ಹೆಸರು ಬರೀರಿ. ಮಹಾದೇವಪ್ಪ.”

ಕಾಗದ ಕೆಟ್ಟಿತ್ತು, ಹೊಸದು ತರಿಸಬೇಕಾಯಿತು. ನಾನು ಎದ್ದು ಹೆಂಡತಿಗೆ ಕುರ್ಚಿ ಬಿಟ್ಟುಕೊಟ್ಟೆ. ಮುಂದಿನ ಕೆಲಸವೆಲ್ಲ ಸಲೀಸಾಗಿ ನಡೆಯಿತು.

ಬಂಡೆಮ್ಮ ಕಮಲಾಪುರದವರು. ತಂದೆ ಅಲ್ಲಿನ ಬಾಳೆತೋಟಗಳಲ್ಲಿ ಕೂಲಿ ಮಾಡುತ್ತಿದ್ದರು. ಅವರು ತೀರಿಕೊಂಡಾಗ ಮಗಳಿಗೆ ಹತ್ತೊಂಬತ್ತು, ಮಗ ತುಕಾರಾಮನಿಗೆ ಹತ್ತು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಕ ಮಷಿನ್ ತುಳಿದಳು, ಹೊಲಿಗೆಯ ಪರೀಕ್ಷೆ ಪಾಸು ಮಾಡಿದಳು, ಎಪ್ಪತ್ತೆಂಟರಲ್ಲಿ ನಮ್ಮ ಶಾಲೆಗೆ ಬಂದಳು. ತಮ್ಮ ಗೌಂಡಿ ಕೆಲಸ ಕಲಿತು ಊರಿನವರ ಮನೆಗಳ ಗೋಡೆ ಎಬ್ಬಿಸುವವನಾದ. ಅವನ ಮದುವೆಯಾಯಿತು, ಮೂರು ಮಕ್ಕಳಾದವು. ಅಷ್ಟರಲ್ಲಿ ಅಕ್ಕನ ಮದುವೆಯ ಮಾತನ್ನು ಎತ್ತುವುದೇ ತಪ್ಪು ಎನ್ನುವಷ್ಟು ಹೊತ್ತಾಗಿತ್ತು. ಶಾಲೆಗೆ ಹೊಸದಾಗಿ ಬಂದವರು ಮಾತ್ರ ತಡೆಯಲಾರದೆ ಕೇಳುತ್ತಿದ್ದರು, ಯಾಕ ಟೀಚರ್ ಮದುವಿ ಆಗಲಿಲ್ಲ ಎಂದು. “ಅವತ್ತು ರಜಾ ಸಿಗಲಿಲ್ಲ,” ಎಂದು ಬಂಡೆಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು.

ಹದಿನೆಂಟು ವರ್ಷದಲ್ಲಿ ಏಳು ಬಾಡಿಗೆ ಮನೆ ಬದಲಿಸಿದರು. ಮನೆ ಕೊಡುವವರು ಮೊದಲು ಜಾತಿ ಕೇಳುತ್ತಿದ್ದರು, ಆಮೇಲೆ ಗಂಡನನ್ನು ಕೇಳುತ್ತಿದ್ದರು. ಎರಡಕ್ಕೂ ಮಾಲೀಕರಿಗೆ ಬೇಕಾದ ಉತ್ತರ ಬಂಡೆಮ್ಮನವರಲ್ಲಿ ಇರಲಿಲ್ಲ. ಇಲ್ಲಿ ನನ್ನದೂ ಒಂದು ಸಂಗತಿ ಹೇಳಿಬಿಡಬೇಕು. ನಮ್ಮ ಮನೆಯ ಹಿಂದೆ ಒಂದು ಖೋಲಿ ಖಾಲಿ ಬಿದ್ದಿತ್ತು. ಬಂಡೆಮ್ಮ ಮನೆ ಹುಡುಕುತ್ತಿದ್ದಾಗಲೆಲ್ಲ ನಾನು ಅವರ ಜೊತೆ ಊರೆಲ್ಲ ಸೈಕಲ್ ತುಳಿದೆ. ಆ ಖೋಲಿಯ ಮಾತು ಮಾತ್ರ ಎತ್ತಲಿಲ್ಲ. ತಾಯಿಯ ಮಡಿಗೆ ತೊಂದರೆಯಾದೀತೆಂದು ನನಗೆ ನಾನೇ ಹೇಳಿಕೊಂಡಿದ್ದೆ. ತಾಯಿ ಎಂಬತ್ತೊಂಬತ್ತರಲ್ಲಿ ತೀರಿಕೊಂಡರು. ನೆಪ ಮಾತ್ರ ಇನ್ನೂ ಏಳು ವರ್ಷ ಗಟ್ಟಿಮುಟ್ಟಾಗಿ ಬದುಕಿತ್ತು.

ಏಳನೆಯ ಬಾಡಿಗೆ ಮನೆ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿತ್ತು. ಅಲ್ಲಿ ಮಾಲೀಕರ ಮಗಳ ಮದುವೆ ಬಂತು. “ಟೀಚರ್, ಹದಿನೈದು ದಿನ ಖೋಲಿ ಬಿಟ್ಟುಕೊಡ್ರಿ, ಬೀಗರು ಇಳಕೋತಾರ,” ಎಂದರು. “ನೀವ್ ಒಬ್ಬಾಕೆ. ಎಲ್ಲಿ ಬೇಕಾದ್ರ ಇರ್ತೀರಿ.”

ಬಂಡೆಮ್ಮ ಒಂದು ಟ್ರಂಕು ಹಿಡಿದು ಕಮಲಾಪುರಕ್ಕೆ ಹೋದರು. ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಶಾಲೆಗೆ ಬಂದುಹೋದರು. ಅಲ್ಲಿ ತಮ್ಮನ ಹೆಂಡತಿ ಹಣಮಮ್ಮ, ಒಳ್ಳೆಯ ಹೆಣ್ಣುಮಗಳೇ, ಪಡಸಾಲೆಯಲ್ಲಿ ಸಿಮೆಂಟು ಚೀಲಗಳನ್ನು ಅತ್ತ ಸರಿಸಿ ಹಾಸಿಗೆ ಹಾಸಿದಳು. “ಅಕ್ಕಾ, ನೀ ಒಬ್ಬಾಕೆ, ಇಲ್ಲೇ ಹೊಂದಿಕೋತಿ,” ಎಂದಳು.

ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರು, ಬಸ್ಸಿನಲ್ಲಿ ತಾಸು ದೂರವಿದ್ದ ಎರಡು ಊರುಗಳಲ್ಲಿ, ಒಂದೇ ವಾರದಲ್ಲಿ, ಒಂದೇ ಮಾತು ಹೇಳಿದ್ದರು. ಬಂಡೆಮ್ಮ ಅದನ್ನು ನನಗೆ ನಗುತ್ತಲೇ ಹೇಳಿದರು. ಆಮೇಲೆ, “ಸರ್, ನಾ ಒಂದು ಮನಿ ತೊಗೋಬೇಕು,” ಎಂದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಒಬ್ಬಾಕೆಗೆ ಮನಿ ಯಾಕ್ರೀ ಎಂದರು. ನಾನೂ ನಕ್ಕೆ. ನಾನು ಪತ್ರಿಕೆಗಳಿಗೆ ಹಾಸ್ಯ ಲೇಖನ ಬರೆಯುವವನು. ನನ್ನ ಲೇಖನಕ್ಕೆ ಯಾರೂ ನಗದಿದ್ದರೂ ಬೇರೆಯವರ ಮಾತಿಗೆ ನಗುವ ಅಭ್ಯಾಸವನ್ನಾದರೂ ಇಟ್ಟುಕೊಳ್ಳಬೇಕಲ್ಲ.

ಗಾಜಿಪುರದ ಮನೆ ಬಷೀರುನ್ನೀಸಾ ಎಂಬ ಮುದುಕಿಯದು. ಗಂಡ ಇರಲಿಲ್ಲ, ಹೈದರಾಬಾದಿನ ಮಗಳ ಮನೆಗೆ ಹೊರಟಿದ್ದರು. ಕಲ್ಲಿನ ಗೋಡೆ, ಮೇಲೆ ಫರ್ಸಿ ಚಪ್ಪಡಿ ಹಾಸಿದ ಮಾಳಿಗೆ, ಮುಂದೆ ಒಂದು ಅಂಗಳ. ನಾನು ಒಳಗೆ ಹೋಗಿ ಗೋಡೆ, ಕಿಟಕಿ ನೋಡಿ, ಏನೋ ತಿಳಿದವನಂತೆ ತಲೆ ಆಡಿಸುತ್ತಿದ್ದೆ. ಬಂಡೆಮ್ಮ ಒಳಗೆ ಬರಲೇ ಇಲ್ಲ. ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಬಟ್ಟೆ ಒಣಹಾಕಲು ಬಿಗಿದ ತಂತಿಯನ್ನು ಹಿಡಿದು, ಅದರ ಉದ್ದಕ್ಕೂ ಕೈ ಆಡಿಸುತ್ತ ನಡೆದರು. ಬಾಡಿಗೆ ಮನೆಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಮಾಲೀಕರ ಬಟ್ಟೆ ಹಾಕಿ ಉಳಿದ ಹಗ್ಗ, ಅದೂ ಒಂದು ಮೊಳ.

“ಅಕೇಲಿಚ್ ರಹತೇ ಕ್ಯಾ?” ಎಂದು ಮುದುಕಿ ಕೇಳಿದರು. ಹೌದು, ಒಬ್ಬಳೇ ಎಂದರು ಬಂಡೆಮ್ಮ. ಈ ಪ್ರಶ್ನೆಯಾದ ಮೇಲೆ ಬಾಗಿಲು ಹಾಕಿಕೊಳ್ಳುವುದು ಊರ ವಾಡಿಕೆ. ಮುದುಕಿ ತಲೆ ಮೇಲಿನ ಸೆರಗು ಸರಿಮಾಡಿಕೊಂಡು, “ಮೈ ಭೀ ಬಾರಾ ಸಾಲ್ ಅಕೇಲಿಚ್ ರಹೀ. ಘರ್ ಕುಛ್ ನೈ ಬೋಲ್ತಾ,” ಎಂದರು. ತಾನೂ ಹನ್ನೆರಡು ವರ್ಷ ಒಬ್ಬಳೇ ಇದ್ದೆ, ಮನೆ ಏನೂ ಅನ್ನುವುದಿಲ್ಲ ಎಂದು. ಅದು ಸಮಾಧಾನವೋ ಎಚ್ಚರಿಕೆಯೋ ನನಗೆ ಅವತ್ತು ತಿಳಿಯಲಿಲ್ಲ.

ಕಾಗದಪತ್ರ ಮುಗಿಯಿತು. ಉಳಿದದ್ದು ಗೃಹಪ್ರವೇಶ. ನಮ್ಮ ಕಡೆ ಹೆಣ್ಣುಮಗಳು ಹೊಸ ಮನೆ ಹೊಕ್ಕರೆ ತವರಿನವರು ಆಹೇರಿ ತರಬೇಕು. ಗಂಡ ಹೆಂಡತಿ ಜೋಡಿ ಮಣೆಯ ಮೇಲೆ ಕೂತಿರುತ್ತಾರೆ. ಮಗಳಿಗೆ ಸೀರೆ, ಕುಪ್ಪಸದ ಖಣ, ಅಳಿಯನಿಗೆ ಧೋತರ, ಶಲ್ಯ. ಹಾಲು ಉಕ್ಕಿದ್ದು, ಹೋಳಿಗೆ ಉಂಡದ್ದು ಎಲ್ಲ ಮರೆತುಹೋಗುತ್ತದೆ. ತವರಿನಿಂದ ಆಹೇರಿ ಬಂತೇ ಇಲ್ಲವೇ ಎಂಬುದೊಂದು ವರ್ಷಗಟ್ಟಲೆ ನೆನಪಿರುತ್ತದೆ. ತುಕಾರಾಮನಿಗೋ ಅಕ್ಕ ಮನೆ ಕೊಂಡ ಸುದ್ದಿ ತಿಳಿದಾಗಿನಿಂದ ಮುನಿಸು.

“ನೀವೂ ಜೋಡಿ ಬರ್ರಿ ಸರ್,” ಎಂದರು ಬಂಡೆಮ್ಮ. “ನಿಮ್ಮ ಮುಂದ ಅಂವ ಜೋರು ಮಾಡಂಗಿಲ್ಲ.”

ಒಂದು ಭಾನುವಾರ ಕಮಲಾಪುರಕ್ಕೆ ಹೋದೆವು. ತುಕಾರಾಮ ಕಟ್ಟೆಯ ಮೇಲೆ ಕೂತು ಕರಣಿಗೆ ಅಂಟಿದ ಸಿಮೆಂಟು ಕೆರೆಯುತ್ತಿದ್ದ. ನನಗೆ ನಮಸ್ಕಾರ ಮಾಡಿದ. ಅಕ್ಕನ ಮುಖ ನೋಡದೆ ಕೇಳಿದ:

“ಗ್ವಾಡಿ ಯಾತರದು?”

“ಕಲ್ಲಿಂದು.”

“ಮ್ಯಾಲ?”

“ಫರ್ಸಿ.”

“ಫರ್ಸಿ ಸಂದಿ ನೋಡಿದೇನು? ಮೂಲಿ ಬಡದು ನೋಡಿದೇನು?”

“ನನಗೇನ್ ತಿಳೀತದೋ?”

“ತಿಳಿಯಾಂವ ಒಬ್ಬ ಇಲ್ಲಿದ್ದ. ಅಂವಗ ಕೇಳಬೇಕು ಅನಸಲಿಲ್ಲ.” ಕರಣಿಯನ್ನು ಕಲ್ಲಿನ ಮೇಲೆ ಇಟ್ಟ. “ಊರ ಮಂದಿಗೆಲ್ಲ ಮನಿ ಕಟ್ಟೀನಿ. ನಮ್ಮ ಅಕ್ಕ ಯಾರೋ ಕಟ್ಟಿದ್ದು ಕೊಂಡ್ಲು ಅಂದ್ರ ನನಗ ಹೆಂಗಾಗಿರಬೇಕು? ಹಿತ್ತಲದಾಗ ನಿನಗ ಖೋಲಿ ಕಟ್ಟಿಕೊಡ್ತೀನಿ ಅಂದಿದ್ದಿಲ್ಲೇನು?”

“ಅಂದಿದ್ದಿ. ನಾಲ್ಕು ವರ್ಷದಿಂದ ಅನ್ನಾಕತ್ತೀದಿ ತಮ್ಮಾ.”

ಹಿತ್ತಲಿನತ್ತ ನನ್ನ ಕಣ್ಣು ಹೋಯಿತು. ಮೊಳಕಾಲೆತ್ತರ ಪಾಯದ ಕಲ್ಲು. ನಡುವೆ ಒಂದು ನಿಂಬೆ ಗಿಡ ಎದೆಯೆತ್ತರ ಬೆಳೆದಿತ್ತು. ಒಳಗಿನಿಂದ ಹಣಮಮ್ಮ ನಕ್ಕ ಸದ್ದು ಬಂತು, ತಕ್ಷಣ ಅದು ಕೆಮ್ಮಾಯಿತು.

“ಹದಿನೆಂಟಕ್ಕ ಮನಿ ಶಾಂತಿ ಇಟ್ಟೀನಿ,” ಎಂದರು ಬಂಡೆಮ್ಮ. “ಆಹೇರಿ ತೊಗೊಂಡು ಬಾ.”

“ಯಾರಿಗೆ ತರಲಿ? ಅಕ್ಕಗ ಸೀರಿ ತಂದ್ರ ಮಾವಗ ಧೋತರ ತರಬೇಕು. ಮಾವ ಎಲ್ಲಿದ್ದಾನ? ಒಂದು ಮಣಿ ಖಾಲಿ ಇಟ್ಟು ಕುಂದರತೀಯೇನು ಮಂದಿ ಮುಂದ?”

“ಒಂದು ಸೀರಿ ಸಾಕು.”

“ಅರ್ಧ ಆಹೇರಿ ನಾ ತರಾಂವಲ್ಲ.”

ಇಂಥ ಹೊತ್ತಿನಲ್ಲಿ ವಾತಾವರಣ ತಿಳಿಮಾಡುವುದು ನನ್ನ ಕರ್ತವ್ಯವೆಂದುಕೊಂಡು, ನೋಂದಣಿ ಕಚೇರಿಯ ಮುಂದೆ ಸೂಗಪ್ಪ ನನ್ನನ್ನೇ ಗಂಡ ಎಂದು ಬರೆದ ಕಥೆಯನ್ನು ಬಣ್ಣ ಕಟ್ಟಿ ಹೇಳಿದೆ. ಒಬ್ಬರೂ ನಗಲಿಲ್ಲ. ತುಕಾರಾಮ ನನ್ನನ್ನು ಫರ್ಸಿ ಸಂದಿಯನ್ನು ನೋಡುವಂತೆ ನೋಡಿದ.

ಹೊರಡುವಾಗ ಹಣಮಮ್ಮ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ತಂದು ಅಕ್ಕನ ಕೈಗಿಟ್ಟಳು. ಬಸ್ಸಿನಲ್ಲಿ ಬಂಡೆಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

“ಇಷ್ಟು ದಿನ ಅದು ನಮ್ಮ ಮನಿ ಇತ್ತು ಸರ್,” ಎಂದರು. “ಯಾರೂ ಹಣ್ಣು ಕೊಟ್ಟು ಕಳಿಸಿದ್ದಿಲ್ಲ. ಮನಿ ಮಂದಿಗೆ ಯಾರು ಹಣ್ಣು ಕೊಡ್ತಾರ?”

ಹಣ್ಣು ಚೆನ್ನಾಗಿದೆ ಎಂದೆ.

“ಅಂವ ಆಹೇರಿ ತಂದ್ರ ಅದು ತವರಮನಿ ಆಗ್ತದ. ಅದಾದ್ರೂ ಆಗಲಿ. ತರದಿದ್ರ ಅದು ನಮ್ಮ ಮನಿನೂ ಅಲ್ಲ, ತವರೂ ಅಲ್ಲ.”

ಮೇ ಹದಿನೆಂಟು ಬಂತು. ಹಿಂದಿನ ಸಂಜೆಯೇ ನನ್ನ ಹೆಂಡತಿ ನಮ್ಮ ಮನೆಯ ಮಣೆ ಕೊಟ್ಟು ಕಳಿಸಿದಳು. ಅಭ್ಯಾಸಬಲದಿಂದ ಎರಡು ಕೊಟ್ಟಳು. ನಾನೂ ಅಭ್ಯಾಸಬಲದಿಂದ ಎರಡನ್ನೂ ಸೈಕಲ್ಲಿಗೆ ಕಟ್ಟಿದೆ. ಬಂಡೆಮ್ಮ ಎರಡನ್ನೂ ನೋಡಿದರು, ಒಂದನ್ನು ತಿರುಗಿ ಕೊಡಲಿಲ್ಲ. ಪಡಸಾಲೆಯಲ್ಲಿ ಬಾಬಾಸಾಹೇಬರ ಫೋಟೋ ತೂಗುಹಾಕಿ, ಅದರ ಮುಂದೆ ಎರಡನ್ನೂ ಜೋಡಿಸಿ ಇಟ್ಟರು.

ಹತ್ತಕ್ಕೆ ಹಾಲು ಉಕ್ಕಿತು. ಶಾಲೆಯವರೆಲ್ಲ ಸೇರಿ ಗೋಡೆ ಗಡಿಯಾರ ಕೊಟ್ಟೆವು. ಅದನ್ನು ಆಗಲೇ ತೂಗುಹಾಕಿದ್ದು ತಪ್ಪಾಯಿತು. ಬಂದವರೆಲ್ಲ ತವರಿನವರು ಎಲ್ಲಿ ಎಂದು ಕೇಳುವುದು, ಬಂಡೆಮ್ಮ “ಬಸ್ಸು ಬರಬೇಕು” ಎನ್ನುವುದು, ಎಲ್ಲರೂ ಒಟ್ಟಿಗೆ ಗಡಿಯಾರ ನೋಡುವುದು. ಹನ್ನೊಂದರ ಬಸ್ಸು ಬಂದಿರಬೇಕು. ಹನ್ನೆರಡರದೂ ಬಂದಿರಬೇಕು. ಡ್ರಿಲ್ ಮಾಸ್ತರು ಉಣ್ಣಲು ಕೂರುವಾಗ ತಮ್ಮ ಚೀಲವನ್ನು ಎರಡನೆಯ ಮಣೆಯ ಮೇಲೆ ಇಟ್ಟರು. ಬಂಡೆಮ್ಮ ಬಂದು ಚೀಲ ತೆಗೆದು ಗೂಟಕ್ಕೆ ಹಾಕಿದರು. ನನ್ನ ಹೆಂಡತಿ ಎರಡು ಶೇಂಗಾ ಹೋಳಿಗೆ ಉಂಡಳು. ಮನೆಯಲ್ಲಿ ನಮ್ಮ ತಾಯಿಯ ಫೋಟೋ ಏನು ಮುಖ ಮಾಡಿತೋ ಗೊತ್ತಿಲ್ಲ. ಮೂರಕ್ಕೆಲ್ಲ ಮಂದಿ ಚದುರಿತು. ನಾವೂ ಹೊರಟೆವು. ತಿರುಗಿ ನೋಡಿದಾಗ ಬಂಡೆಮ್ಮ ಎರಡು ತಟ್ಟೆ ಬಡಿಸಿ, ಅವುಗಳ ಮೇಲೆ ಬೇರೆ ಎರಡು ತಟ್ಟೆ ಮುಚ್ಚುತ್ತಿದ್ದರು.

ಮನೆಗೆ ಬಂದ ಮೇಲೆ ಚಷ್ಮಾ ಮರೆತದ್ದು ನೆನಪಾಯಿತು. ಐದೂವರೆಗೆ ಮತ್ತೆ ಗಾಜಿಪುರಕ್ಕೆ ಹೋದೆ. ಬಾಗಿಲು ತೆರೆದಿತ್ತು. ಬಂಡೆಮ್ಮ ಒಂದು ಮಣೆಯ ಮೇಲೆ ಕೂತಿದ್ದರು. ತುಕಾರಾಮ ಮೂಲೆಯಲ್ಲಿ ನಿಂತು ಗೋಡೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

“ಎಷ್ಟೊತ್ತಿಗೆ ಬಂದಿ?” ಅಕ್ಕ ಕೇಳಿದರು.

“ಹನ್ನೊಂದರ ಬಸ್ಸಿಗೆ.”

“ಮತ್ತ ಇಷ್ಟೊತ್ತನಕ?”

“ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ದೆ. ಮಂದಿ ಹೋಗ್ಲಿ ಅಂತ.” ಇನ್ನೊಂದು ಕಡೆ ಬಡಿದ. “ಈ ಮೂಲ್ಯಾಗ ನೀರು ಇಳೀತದ ಅಕ್ಕಾ.”

“ಇಳೀಲಿ.”

“ಅಮಾಸಿ ಆದ ಮ್ಯಾಲ ಬಂದು ಗಿಲಾವ ಮಾಡಿ ಹೋಗ್ತೀನಿ.”

“ಬಾ. ಈಗ ಉಣ್ಣು.”

“ಬಸ್ಸದ.”

ಬಗಲಿನ ಗಂಟು ಬಿಚ್ಚಿದ. ಹಸಿರು ಸೀರೆ, ಖಣ ತೆಗೆದು ಅಕ್ಕನ ಮಡಿಲಿಗೆ ಹಾಕಿದ. ಗಂಟಿನಲ್ಲಿ ಇನ್ನೂ ಏನೋ ಇತ್ತು. ಅದನ್ನೂ ಹೊರಗೆ ತೆಗೆದ. ಕೆಂಪು ದಡಿಯ ಧೋತರ, ಮೇಲೊಂದು ಶಲ್ಯ. ಬಗ್ಗಿ, ಎರಡನ್ನೂ ಖಾಲಿ ಮಣೆಯ ಮೇಲೆ, ಅಲ್ಲಿ ಕೂತವರ ಮಡಿಲಿಗೆ ಇಡುವಷ್ಟು ನಾಜೂಕಾಗಿ, ಇಟ್ಟ.

“ಅರ್ಧ ತರಾಕ ಮನಸ್ಸು ಬರಲಿಲ್ಲ,” ಎಂದು ಗೋಡೆಗೆ ಹೇಳಿದ. ಅಕ್ಕನ ಕಾಲು ಮುಟ್ಟಿ, ನನ್ನ ಪಕ್ಕದಿಂದಲೇ ದಾಟಿ ಹೋದ. ನನ್ನನ್ನು ಕಂಡನೋ ಇಲ್ಲವೋ.

ನಾನು ಚಷ್ಮಾ ಕೇಳದೆ ಮರಳಿದೆ. ಅವತ್ತು ಚಷ್ಮಾ ಇಲ್ಲದೆಯೇ ಕಾಣಬೇಕಾದ್ದಕ್ಕಿಂತ ಹೆಚ್ಚು ಕಂಡಿತ್ತು.

ಅಮಾವಾಸ್ಯೆ ಆಯಿತು. ಮತ್ತೊಂದು ಅಮಾವಾಸ್ಯೆಯೂ ಆಯಿತು. ಗೌಂಡಿಗೆ ಕೆಲಸವಿದ್ದರೆ ಬಿಡುವಿರುವುದಿಲ್ಲ, ಇಲ್ಲದಿದ್ದರೆ ಬಸ್ಸಿಗೆ ಹಣವಿರುವುದಿಲ್ಲ. ಆಗಸ್ಟಿನಲ್ಲಿ ಪಂಚಮಿ ಬಂತು. ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಹಬ್ಬ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಶಾಲೆ ಬಿಟ್ಟ ಕೂಡಲೇ ಚೀಲ ಹಿಡಿದು ಕಮಲಾಪುರದ ಬಸ್ಸು ಹತ್ತುತ್ತಿದ್ದ ಬಂಡೆಮ್ಮ ಆ ವರ್ಷ ಹತ್ತಲಿಲ್ಲ.

“ಹೋಗಲಿಲ್ಲವೇ?” ಎಂದು ಕೇಳಿದೆ.

“ಮೊದಲಿನಂಗ ಹೋಗಾಕ ಬರಂಗಿಲ್ಲ ಸರ್. ಆಹೇರಿ ಕೊಟ್ಟಾರ. ಈಗ ಕರಿಯಾಕ ಬರಬೇಕು.”

ಹಬ್ಬದ ಮರುದಿನ ತಮ್ಮ ಬಂದಿದ್ದನೇ ಎಂದು ಕೇಳಿದೆ. ಕೇಳಬಾರದಿತ್ತು.

“ಗ್ವಾಡಿ ಬಡಿಯೋ ಸಪ್ಪಳ ಆತ್ರೀ. ಎದ್ದು ಹೋಗಿ ಬಾಗಿಲಾ ತಗದೆ. ಬಾಜೂ ಮನಿಯಾಗ ಕ್ಯಾಲೆಂಡರಿಗೆ ಮೊಳಿ ಹೊಡ್ಯಾಕತ್ತಿದ್ರು.”

ಧೋತರದ್ದು ಏನಾಯಿತೆಂದು ನನಗೆ ಕುತೂಹಲವಿತ್ತು. ಹೊಲಿಗೆ ಟೀಚರ ಕೈಗೆ ಸಿಕ್ಕ ಹೊಸ ಬಟ್ಟೆ ಒಂದು ವಾರದಲ್ಲಿ ಪರದೆಯೋ ದಿಂಬಿನ ಚೀಲವೋ ಆಗಬೇಕಿತ್ತು. ಒಮ್ಮೆ ಕತ್ತರಿ ಹಿಡಿದು ಕೂತಿದ್ದರಂತೆ, ಕೈ ಬರಲಿಲ್ಲವಂತೆ. ಪೆಟ್ಟಿಗೆಯಲ್ಲಿಟ್ಟರೆ ಹುಳ ಹಿಡಿಯುತ್ತದೆಂದು ಪ್ರತಿ ಭಾನುವಾರ ತಮ್ಮ ಬಟ್ಟೆಯ ಜೊತೆ ಅದನ್ನೂ ಒಗೆದು, ತಂತಿಯ ಉದ್ದಕ್ಕೂ ಹರವುತ್ತಿದ್ದರು. ಸಂಜೆ ಮಡಚಿ ಒಳಗೆ ಒಯ್ಯುತ್ತಿದ್ದರು. ಯಾರೂ ಉಡದೆಯೇ ಆ ಧೋತರ ಒಗೆದೊಗೆದು ಮೆತ್ತಗಾಯಿತು, ದಡಿಯ ಕೆಂಪು ಮಾಸಿತು.

ಓಣಿಯವರು ತಮಗೆ ಬೇಕಾದಂತೆ ಲೆಕ್ಕ ಹಾಕಿಕೊಂಡರು. ಒಳಗೆ ಯಾರೋ ಹಾಸಿಗೆ ಹಿಡಿದವರಿದ್ದಾರೆಂದು ಒಬ್ಬರು, ಪರಊರಿನಲ್ಲಿ ನೌಕರಿಯವರು ಭಾನುವಾರ ಮಾತ್ರ ಬರುತ್ತಾರೆಂದು ಇನ್ನೊಬ್ಬರು. ಹಾಲಿನವನು ಹಾಲಿಗೆ ನೀರು ಹಾಕುವುದನ್ನು ಕಡಿಮೆ ಮಾಡಿದ. ಬಂಡೆಮ್ಮ ಯಾರನ್ನೂ ತಿದ್ದಲಿಲ್ಲ. ಹೀಗೆ ಐದು ವರ್ಷ ನಡೆಯಿತು. ಮೂಲೆಯ ಗೋಡೆಯಲ್ಲಿ ನೀರಿನ ಕಲೆ ಮೊದಲು ಅಂಗೈಯಷ್ಟಿತ್ತು, ಆಮೇಲೆ ಮೊರದಷ್ಟಾಯಿತು. ಬೇರೆ ಗೌಂಡಿಯನ್ನು ಕರೆಸಿರೆಂದು ನಾನು ಪ್ರತಿ ಮಳೆಗಾಲ ಹೇಳುತ್ತಿದ್ದೆ.

“ಬರ್ತೀನಿ ಅಂದಾನ,” ಎನ್ನುತ್ತಿದ್ದರು.

೨೦೦೧ರ ಫೆಬ್ರವರಿಯಲ್ಲಿ ಜನಗಣತಿ ಬಂತು. ಮಾಸ್ತರರೆಲ್ಲ ಎಣಿಸಲು ಹೊರಟೆವು. ನನ್ನ ಪಾಲಿಗೆ ಗಾಜಿಪುರ ಬಂತು. ಹಿಂದಿನ ದಿನ ನಾನು ಎಪ್ಪತ್ತು ವರ್ಷದ ಮುದುಕಿಯೊಬ್ಬರನ್ನು ಏಳು ವರ್ಷದವಳೆಂದು ಬರೆದು, ಆಕೆಯನ್ನು ವಿಧವೆಯೆಂದೂ ದಾಖಲಿಸಿದ್ದರಿಂದ, ಮೇಲಿನ ಅಧಿಕಾರಿಯೊಬ್ಬರು ನನ್ನ ಹಿಂದೆಯೇ ಮನೆಮನೆ ತಿರುಗುತ್ತಿದ್ದರು. ಚಿಕ್ಕ ವಯಸ್ಸಿನವರು, ಬಹಳ ಚುರುಕು. ಅವತ್ತು ಭಾನುವಾರ.

ಬಂಡೆಮ್ಮ ಅಂಗಳದಲ್ಲಿ ಎರಡು ಕುರ್ಚಿ ಹಾಕಿ, ಬಾಗಿಲ ಬಳಿಯ ಸ್ಟೋವಿನ ಮೇಲೆ ಚಹಾಕ್ಕೆ ಇಟ್ಟರು. ನನಗೆ ಎಲ್ಲ ಉತ್ತರವೂ ಗೊತ್ತಿತ್ತು. ಆದರೂ ಸರಕಾರದ ಪ್ರಶ್ನೆ, ಕೇಳಲೇಬೇಕು.

“ಮನೆಯ ಯಜಮಾನರ ಹೆಸರು?”

“ಬಂಡೆಮ್ಮ.”

“ಒಟ್ಟು ಜನ?”

“ಒಂದು.”

“ವಿವಾಹ?” ಎಂದು ದನಿ ತಗ್ಗಿಸಿದೆ.

“ಇಲ್ಲ,” ಎಂದರು, ದನಿ ತಗ್ಗಿಸದೆ.

ಹಾಳೆಯಲ್ಲಿ ಒಂದೇ ಸಾಲು ತುಂಬಿತು. ಅದರ ಕೆಳಗೆ ಉಳಿದ ಖಾಲಿ ಸಾಲುಗಳನ್ನು ನೋಡುತ್ತ, ನಮ್ಮ ಹಿಂದಿನ ಖೋಲಿ ನೆನಪಾಗಿ, ನಾನು ಪೆನ್ನು ಮುಚ್ಚಿದೆ. ಅಧಿಕಾರಿ ಹಾಳೆ ನೋಡಿದರು. ಆಮೇಲೆ ತಲೆಯೆತ್ತಿ, ತಂತಿಯ ಈ ತುದಿಯಿಂದ ಆ ತುದಿಯವರೆಗೆ ಬಿಸಿಲಿಗೆ ಹರವಿದ್ದ ಧೋತರ ನೋಡಿದರು. ಮತ್ತೆ ಹಾಳೆ ನೋಡಿದರು.

“ಒಬ್ರೇ ಅಂತ ಬರಸೀರಿ. ಆ ಧೋತರ ಯಾರದ್ರೀ ಬಾಯಾರ?”

ಎಲ್ಲಿಂದ ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಮಣೆಯಿಂದಲೇ, ಬಸ್ ಸ್ಟ್ಯಾಂಡಿನಿಂದಲೇ?

“ಮನಿ ಯಜಮಾನರದು,” ಎಂದರು ಬಂಡೆಮ್ಮ, ಸ್ಟೋವಿನ ಮುಂದಿನಿಂದ ಮುಖ ತಿರುಗಿಸದೆ.

ಅಧಿಕಾರಿ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು. ಏಳು ವರ್ಷದ ವಿಧವೆಯ ನೆನಪು ಅವರ ಮುಖದ ಮೇಲೆ ಸ್ಪಷ್ಟವಾಗಿತ್ತು.

“ಮತ್ತ ಅವರು ಎಲ್ಲಿಗೆ ಹೋಗ್ಯಾರ?”

“ಎಲ್ಲೂ ಹೋಗಿಲ್ರೀ,” ಎಂದರು ಬಂಡೆಮ್ಮ. “ನಿಮಗ ಚಹಾ ಸೋಸಾಕತ್ತಾರ.”